ಪರದೆಯೂ ಪೊರೆಯೂ

ಹೊಸ ಟಿ.ವಿ. ಕೊಂಡ ಮನೆಗೆ ಹೋದಾಗ ಗುರುವಾದವನು ಏನು ಹೇಳಬೇಕು? ವಾಹನ ಕೊಂಡವರು ಅದನ್ನು ಚರ್ಚಿನ ಅಂಗಳಕ್ಕೆ ತರುತ್ತಾರೆ. ಅಂಗಡಿ ತೆರೆದವರು, ಕೊಳವೆ ಬಾವಿ ಕೊರೆಸಿದವರು ಆಶೀರ್ವಾದಕ್ಕೆ ಕರೆಯುತ್ತಾರೆ. ಟಿ.ವಿ.ಗೆ ತೀರ್ಥ ಚಿಮುಕಿಸಿ ಎಂದು ಯಾರೂ ಕೇಳುವುದಿಲ್ಲ. ಆದರೂ ಅದು ಗೋಡೆಯ ಮೇಲೆ ಹೊಳೆಯುತ್ತಿರುವಾಗ ಮನೆಯವರೆಲ್ಲ ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಒಂದು ಒಳ್ಳೆಯ ಮಾತು ಬರಲಿ ಎಂಬ ಆಸೆ ಅವರದು.

ಹಿಂದೆ ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳು ಎನಿಸಿಕೊಂಡಿದ್ದ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನಮ್ಮ ಕುಟುಂಬಗಳು ಊರಿಂದೂರಿಗೆ ಚದುರಿಕೊಂಡಿವೆ. ಮನೆ ಸಂದರ್ಶನವೆಂದರೆ ಮೆಕ್ಕೆಜೋಳದ ಹೊಲಗಳ ನಡುವೆ ಮೋಟಾರ್ ಸೈಕಲ್ಲಿನಲ್ಲಿ ಅರ್ಧ ದಿನದ ಪ್ರಯಾಣ. ಅಂಥ ಒಂದು ಸಂಜೆ, ಗಾರೆ ಕೆಲಸದ ಮೇಸ್ತ್ರಿಯೊಬ್ಬರ ಮನೆಗೆ ಹೋದೆ. ವರ್ಷದಲ್ಲಿ ಆರು ತಿಂಗಳು ಅವರು ಬೆಂಗಳೂರಿಗೆ ಗುಳೆ ಹೋಗುವವರು. ಆ ಸಲ ಬಂದವರು ಹೊಸಪೇಟೆಯಿಂದ 55 ಇಂಚಿನ ಹೊಸ ಟಿ.ವಿ. ತಂದಿದ್ದರು. ಕ್ರಿಕೆಟ್ ಆಟ ನಡೆಯುತ್ತಿತ್ತು.

"ನೋಡ್ರಿ ಫಾದರ್, ಮೈದಾನದಾಗಿನ ಹುಲ್ಲು ಎಸಳು ಎಸಳು ಎಣಿಸಬೌದು. ಹಳೇದಕ್ಕೂ ಇದಕ್ಕೂ ಫರಕು ಗೊತ್ತಾಗ್ತೈತಿ ಅಲ್ರಿ?" ಎಂದರು ಮೇಸ್ತ್ರಿ. ಆಮೇಲೆ ಮೂಲೆಯ ಮಂಚದ ಮೇಲೆ ಕುಳಿತಿದ್ದ ತಾಯಿಯ ಕಡೆಗೆ ಕೈ ತೋರಿಸಿ, "ಅವ್ವಗಂತ ತಂದೀನ್ರಿ. ಚರ್ಚಿಗೆ ಬರಾಕ ಆಗಂಗಿಲ್ಲ, ಮನ್ಯಾಗ ಕುಂತು ಪೂಜಿ ನೋಡ್ಲಿ ಅಂತ" ಎಂದರು. ಅಜ್ಜಿ ನಕ್ಕು ತಲೆಯಾಡಿಸಿದರು. ಚಹಾ ಬಂತು. ನಾನೂ ಪರದೆಯನ್ನು ನೋಡುತ್ತಾ, "ಬಹಳ ಚೆನ್ನಾಗಿದೆ" ಎಂದೆ. ಹೊರಡುವಾಗ ಮೇಸ್ತ್ರಿ ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಕೇಳಿದರು: "ಕಂತಿನ ಮ್ಯಾಲೆ ತಂದೀನ್ರಿ ಫಾದರ್. ಹಳೇದು ಕೆಟ್ಟಿರಲಿಲ್ಲ. ಇದೂ ಪಾಪ ಆಗ್ತೈತೇನ್ರಿ?"

ನಾನು ನಕ್ಕು, "ಇಲ್ಲ ಬಿಡಿ" ಎಂದು ಹೇಳಿ ಬಂದುಬಿಟ್ಟೆ. ಆ ಉತ್ತರ ತಪ್ಪೇನೂ ಆಗಿರಲಿಲ್ಲ. ಆದರೆ ಅದು ಅರ್ಧ ಉತ್ತರ. ಉಳಿದರ್ಧವನ್ನು ಅವರಿಗೂ ನನಗೂ ಕಲಿಸಿದವರು ಆ ಮೂಲೆಯ ಮಂಚದ ಮೇಲಿದ್ದ ಅಜ್ಜಿ. ಅದನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಮಂಕು ಚಿತ್ರದ ದಿನಗಳು

ನಮ್ಮ ಸೀಮೆಯ ಜನ ಮೊಟ್ಟಮೊದಲು ಟಿ.ವಿ. ಕಂಡದ್ದು ಹೇಗೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ನಾಸಾ ಸಂಸ್ಥೆ ಒಂದು ಉಪಗ್ರಹವನ್ನು ನಮ್ಮ ದೇಶಕ್ಕೆ ಎರವಲು ಕೊಟ್ಟಿತ್ತು. ಅದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ಬಂದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ನಮ್ಮ ನೆರೆಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿ ಗೂಡಿಗೆ ಹೊದಿಸುವಂಥ ತಂತಿಯ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಪೆಟ್ಟಿಗೆ, ಚಿತ್ರ ಕಪ್ಪು-ಬಿಳುಪು. ಊರಿಗೆ ಊರೇ ಚಾಪೆ ಹಾಸಿ ಕುಳಿತು ನೋಡಿತು.

1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡೆಗಳ ವರ್ಷ, ದೂರದರ್ಶನಕ್ಕೆ ಬಣ್ಣ ಬಂತು. 1984ರ ಹೊತ್ತಿಗೆ ದೇಶದ ಊರೂರುಗಳಲ್ಲಿ ಮರುಪ್ರಸಾರ ಕೇಂದ್ರಗಳು ಭರದಿಂದ ತಲೆಯೆತ್ತಿದವು. ಆಮೇಲಿನ ಕಥೆಯನ್ನು ನಲವತ್ತು ದಾಟಿದ ನಿಮಗೆ ನಾನು ಹೇಳಬೇಕಾಗಿಲ್ಲ. ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ "ಬಂತು... ಹೋಯ್ತು... ಹಂಗೇ ಹಿಡಕೋ!" ಎಂದು ಕೂಗುವುದು. 1987ರಲ್ಲಿ 'ರಾಮಾಯಣ' ಧಾರಾವಾಹಿ ಆರಂಭವಾದಾಗ ಭಾನುವಾರ ಬೆಳಿಗ್ಗೆ ಯಾರ ಮನೆಯಲ್ಲಿ ಟಿ.ವಿ. ಇತ್ತೋ ಆ ಮನೆಯ ಪಡಸಾಲೆಯಲ್ಲಿ ಜಾತಿಮತದ ಭೇದವಿಲ್ಲದೆ ಓಣಿಯವರೆಲ್ಲ ಇರುತ್ತಿದ್ದರು. ಪರದೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕೆ ಕುಣಿಯುತ್ತಿದ್ದರೂ "ಚಿತ್ರದ ಗುಣಮಟ್ಟ ಸಾಲದು" ಎಂದು ಎದ್ದುಹೋದವರನ್ನು ನಾನಂತೂ ಕಾಣೆ. ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಚಿತ್ರವಿರಲಿಲ್ಲ. ಇದ್ದದ್ದೇ ಚಿತ್ರ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆ ದಿನಗಳಲ್ಲೂ ಟಿ.ವಿ. ಇದ್ದ ಮನೆ, ಇಲ್ಲದ ಮನೆ ಎಂಬ ಹೋಲಿಕೆ ಇತ್ತು. ಕಿಟಕಿಯ ಹೊರಗೆ ನಿಂತು ನೋಡಿದ ಮಕ್ಕಳಿದ್ದರು. ನಾನು ಗಮನಿಸಬೇಕೆನ್ನುವುದು ಇಷ್ಟೇ: ಚಿತ್ರ ಮಂಕಾಗಿದೆ ಎಂದು ನಮಗೆ ತಿಳಿಯುವುದು ಅದಕ್ಕಿಂತ ಸ್ಪಷ್ಟವಾದ ಇನ್ನೊಂದನ್ನು ಕಂಡ ಮೇಲೆಯೇ.

ಅಂಗಡಿಯ ಕಣ್ಣು, ಮನೆಯ ಕಣ್ಣು

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಹಬ್ಬಗಳ ರಿಯಾಯಿತಿ, ಬಡ್ಡಿಯಿಲ್ಲದ ಕಂತು ಎಲ್ಲ ಸೇರಿ ಹಳೆಯದನ್ನು ಬದಲಿಸುವ ಆಸೆ ಯಾರಿಗೂ ಸಹಜ. ಆದ್ದರಿಂದ ಕೊಳ್ಳಹೋಗುವ ನಿಮಗೆ ನಾಲ್ಕು ಸಂಗತಿ ತಿಳಿದಿರಲಿ.

ಇಂದಿನ ಪರದೆಯ ಚಿತ್ರ ರಂಗೋಲಿಯಂತೆ ಚುಕ್ಕೆಗಳಿಂದ ಆದದ್ದು. ಹಳೆಯ ಗುಣಮಟ್ಟದ ಚಾನೆಲ್ಲಿನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು ನಾಲ್ಕು ಲಕ್ಷಕ್ಕೆ ತುಸು ಹೆಚ್ಚು ಚುಕ್ಕೆಗಳಿರುತ್ತವೆ. 'ಫುಲ್ ಎಚ್.ಡಿ.' ಎಂದರೆ 1920 ಮತ್ತು 1080, ಸುಮಾರು 20 ಲಕ್ಷ ಚುಕ್ಕೆ. '4ಕೆ' ಎಂದರೆ 3840 ಮತ್ತು 2160, ಸುಮಾರು 83 ಲಕ್ಷ. ಈಗ ಲೆಕ್ಕ ಹಾಕಿ: 4ಕೆ ಪರದೆಯಲ್ಲಿ ಹಳೆಯ ಗುಣಮಟ್ಟದ ಚಾನೆಲ್ ಹಾಕಿದರೆ ಪ್ರತಿ 20 ಚುಕ್ಕೆಗಳಲ್ಲಿ ಒಂದಕ್ಕೆ ಮಾತ್ರ ನಿಜವಾದ ಮಾಹಿತಿ ಬರುತ್ತದೆ, ಉಳಿದ 19ನ್ನು ಯಂತ್ರ ಊಹಿಸಿ ತುಂಬುತ್ತದೆ. ಹೊಸ ಟಿ.ವಿ. ತಂದ ಮೊದಲ ದಿನ "ಹಳೇದ್ರಾಗೇ ಚಂದ ಕಾಣ್ತಿತ್ತಲ್ಲ" ಎಂದು ಕೆಲವರಿಗೆ ಅನಿಸುವುದು ಇದೇ ಕಾರಣಕ್ಕೆ.

ಎರಡನೆಯದು ದೂರ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಅಂತರ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಈ ಲೆಕ್ಕದಲ್ಲಿ 43 ಇಂಚಿನ ಪರದೆಯನ್ನು ಸುಮಾರು ಐದೂವರೆ ಅಡಿಗಿಂತ ದೂರದಿಂದಲೂ, 55 ಇಂಚಿನದನ್ನು ಸುಮಾರು ಏಳು ಅಡಿಗಿಂತ ದೂರದಿಂದಲೂ ನೋಡುವವರಿಗೆ ಫುಲ್ ಎಚ್.ಡಿ.ಗೂ 4ಕೆಗೂ ಚುಕ್ಕೆಗಳ ವ್ಯತ್ಯಾಸ ಬಹುಮಟ್ಟಿಗೆ ಕಾಣುವುದಿಲ್ಲ. ನಮ್ಮ ಪಡಸಾಲೆಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ಎಷ್ಟು ಅಡಿಯಾಗುತ್ತದೆ, ಅಳೆದು ನೋಡಿ.

ಮೂರನೆಯದು ಬೆಳಕು. ಎಲ್.ಇ.ಡಿ. ಎಂದು ಮಾರುವ ಬಹುಪಾಲು ಟಿ.ವಿ.ಗಳು ನಿಜವಾಗಿ ಎಲ್.ಸಿ.ಡಿ. ಪರದೆಗಳೇ, ಹಿಂದಿನಿಂದ ಬೆಳಗುವ ದೀಪ ಮಾತ್ರ ಎಲ್.ಇ.ಡಿ. ಬೆಲೆ ಹೆಚ್ಚಿನ ಒ.ಎಲ್.ಇ.ಡಿ.ಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ.

ನಾಲ್ಕನೆಯದು ನಮ್ಮ ಲೇಖನಕ್ಕೆ ಮುಖ್ಯವಾದದ್ದು. ಅಂಗಡಿಯಲ್ಲಿ ಹತ್ತಾರು ಟಿ.ವಿ.ಗಳನ್ನು ಸಾಲಾಗಿ ಜೋಡಿಸಿ, ಬೆಳಕನ್ನೂ ಬಣ್ಣವನ್ನೂ ಏರಿಸಿಟ್ಟು, ಅತ್ಯುತ್ತಮ ಚಿತ್ರವನ್ನೇ ಹಾಕಿರುತ್ತಾರೆ. ಸಾಲಿನಲ್ಲಿ ಹೆಚ್ಚು ಹೊಳೆಯುವುದೇ ಚೆಂದ ಎಂದು ಕಣ್ಣಿಗೆ ಅನಿಸುತ್ತದೆ. ಮನೆಗೆ ತಂದ ಮೇಲೆ ಪಕ್ಕದಲ್ಲಿ ಇನ್ನೊಂದು ಇರುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಅಂಗಡಿಯಲ್ಲಿ ನಾವು ಹಣ ಕೊಟ್ಟದ್ದು ಚಿತ್ರಕ್ಕೋ, ಚಿತ್ರಗಳ ನಡುವಿನ ವ್ಯತ್ಯಾಸಕ್ಕೋ? ವ್ಯತ್ಯಾಸ ಅಂಗಡಿಯಲ್ಲೇ ಉಳಿಯಿತು. ಮನೆಗೆ ಬಂದದ್ದು ಚಿತ್ರ ಮಾತ್ರ.

ನೋಡುವ ಆಸೆ ಕೆಟ್ಟದ್ದೇ?

ಹಾಗಾದರೆ ಸ್ಪಷ್ಟವಾಗಿ ನೋಡಬೇಕೆಂಬ ಆಸೆಯೇ ತಪ್ಪೇ? ಖಂಡಿತ ಅಲ್ಲ. ತಿಳಿಯಬೇಕೆಂಬ ಬಯಕೆ ಮನುಷ್ಯನಿಗೆ ಸ್ವಭಾವದಿಂದಲೇ ಬಂದದ್ದು, ಇಂದ್ರಿಯಗಳಲ್ಲೆಲ್ಲ ಅವನಿಗೆ ದೃಷ್ಟಿಯೇ ಹೆಚ್ಚು ಪ್ರಿಯ ಎಂಬ ವಿಚಾರದಿಂದಲೇ ಅರಿಸ್ಟಾಟಲ್ ತನ್ನ ತತ್ತ್ವಶಾಸ್ತ್ರದ ದೊಡ್ಡ ಗ್ರಂಥವನ್ನು ಆರಂಭಿಸುತ್ತಾನೆ. ಶ್ರೀಸಭೆಯೂ ಟಿ.ವಿ.ಯನ್ನು ಸೈತಾನನ ಪೆಟ್ಟಿಗೆ ಎಂದು ತಳ್ಳಿಹಾಕಲಿಲ್ಲ. ಜಗದ್ಗುರು ಹನ್ನೆರಡನೇ ಭಕ್ತಿನಾಥರು 1957ರಲ್ಲಿಯೇ ಚಲನಚಿತ್ರ, ಆಕಾಶವಾಣಿ, ದೂರದರ್ಶನಗಳ ಬಗ್ಗೆ ವಿಶ್ವಪತ್ರ ಬರೆದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತು ತನ್ನ ಆದೇಶವನ್ನು ಪ್ರಕಟಿಸಿ, ಇವು ಮಾನವನ ಬುದ್ಧಿಗೆ ದೇವರು ಅನುಗ್ರಹಿಸಿದ ವರಗಳೆಂದೇ ಕಂಡಿತು.

ಅಷ್ಟೇ ಅಲ್ಲ, ಟಿ.ವಿ.ಗೆ ಒಬ್ಬ ಪಾಲಕ ಸಂತರೂ ಇದ್ದಾರೆ. ಅಸ್ಸಿಸಿಯ ಸಂತ ಕ್ಲಾರಾ. 13ನೇ ಶತಮಾನದ ಈ ಕನ್ಯಾಸ್ತ್ರೀ ಒಂದು ಕ್ರಿಸ್ಮಸ್ ರಾತ್ರಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಉಳಿದವರೆಲ್ಲ ಪೂಜೆಗೆ ಹೋದಾಗ ಒಂಟಿಯಾಗಿದ್ದ ಅವರಿಗೆ, ದೂರದ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆ ತಮ್ಮ ಕೋಣೆಯಲ್ಲೇ ಕಂಡು ಕೇಳಿಸಿತು ಎನ್ನುತ್ತದೆ ಪರಂಪರೆ. ಈ ಕಾರಣದಿಂದ 1958ರಲ್ಲಿ ಶ್ರೀಸಭೆ ಅವರನ್ನು ದೂರದರ್ಶನದ ಪಾಲಕಿಯೆಂದು ಸಾರಿತು. ಹಾಸಿಗೆ ಹಿಡಿದ ಒಬ್ಬ ಹೆಣ್ಣುಮಗಳ ಒಂಟಿತನ ನೀಗಿಸಿದ್ದೇ ಆ ಪಾಲಕತ್ವದ ಮೂಲ ಎಂಬುದನ್ನು ಗಮನಿಸಿ.

2020ರ ಮಾರ್ಚ್ 27ರ ಸಂಜೆಯೂ ನಿಮಗೆ ನೆನಪಿರಬಹುದು. ಕೊರೋನಾ ಕಾಲದಲ್ಲಿ ದೇವಾಲಯಗಳೆಲ್ಲ ಮುಚ್ಚಿದ್ದವು. ಮಳೆ ಸುರಿಯುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸರು ಒಬ್ಬರೇ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದರು. ಎಷ್ಟೋ ಜನ ಅದನ್ನು ಅಂಗೈಯಗಲದ ಫೋನಿನಲ್ಲಿ, ನಡುನಡುವೆ ನಿಂತು ನಿಂತು ಸಾಗುವ ಚಿತ್ರದಲ್ಲಿ ಕಂಡರು, ಕಂಡು ಅತ್ತರು. ಕಡಿಮೆ ಚುಕ್ಕೆಗಳಲ್ಲಿಯೂ ನೋಡಬೇಕಾದದ್ದು ಪೂರ್ತಿ ಕಂಡಿತು.

ಆದುದರಿಂದ ನೋಡುವ ಆಸೆ ಒಳ್ಳೆಯದೇ. ತೊಡಕು ಹುಟ್ಟುವುದು ಹೋಲಿಕೆಯಲ್ಲಿ. ಒಂದು ವಸ್ತುವನ್ನು ಬಳಸುವುದು ಬೇರೆ, ಅದರಲ್ಲೇ ನೆಲೆ ಕಂಡು ಸುಖಿಸುವುದು ಬೇರೆ ಎಂದು ಸಂತ ಅಗಸ್ಟೀನರು ಎರಡನ್ನು ಬಿಡಿಸಿ ತೋರಿಸಿದರು. ಬಳಕೆಗೆ ಒಂದು ಅಳತೆಯಿದೆ: ಕೆಲಸ ನಡೆಯುತ್ತಿದೆಯೇ, ಸಾಕು. ಹೋಲಿಕೆಗೆ ಅಳತೆಯಿಲ್ಲ. 'ಸಾಕು' ಎಂಬುದಕ್ಕೆ ಕೊನೆಯಿದೆ. 'ಅದಕ್ಕಿಂತ ಚೆನ್ನ' ಎಂಬುದಕ್ಕೆ ಕೊನೆಯಿಲ್ಲ, ಏಕೆಂದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ.

ಹೋಲಿಕೆ ವಸ್ತುಗಳಿಂದ ಮನುಷ್ಯರಿಗೆ ದಾಟುವುದೂ ಸುಲಭ. ಮತ್ತೊಬ್ಬರ ಒಳಿತನ್ನು ಕಂಡು ದುಃಖಪಡುವುದೇ ಅಸೂಯೆ ಎನ್ನುತ್ತಾರೆ ಸಂತ ತೋಮಸ್ ಅಕ್ವಿನಾಸರು. ಅದು ನಮಗಿಂತ ತೀರ ದೂರದವರ ಮೇಲೆ ಹುಟ್ಟುವುದಿಲ್ಲ, ನಮ್ಮ ಸರೀಕರ ಮೇಲೆ ಹುಟ್ಟುತ್ತದೆ ಎಂಬುದನ್ನೂ ಅವರು ಗುರುತಿಸುತ್ತಾರೆ. ಕೊಟ್ಟೂರಿನವನಿಗೆ ಮುಂಬಯಿಯ ಶ್ರೀಮಂತನ ಮನೆಯ ಪರದೆ ಎಷ್ಟು ದೊಡ್ಡದಿದ್ದರೂ ನಿದ್ದೆ ಕೆಡುವುದಿಲ್ಲ. ಎದುರು ಮನೆಯದು ತನ್ನದಕ್ಕಿಂತ ಹತ್ತು ಇಂಚು ದೊಡ್ಡದಾದರೆ ಕೆಡುತ್ತದೆ. ಟಿ.ವಿ.ಗಳನ್ನು ಸಾಲಾಗಿ ನಿಲ್ಲಿಸಿ ನೋಡಿದ ಕಣ್ಣೇ ಮನೆಗೆ ಬಂದು ಮಕ್ಕಳನ್ನೂ ಸಾಲಾಗಿ ನಿಲ್ಲಿಸುತ್ತದೆ. "ಓಣಿಯ ಆ ಹುಡುಗನ ಅಂಕ ನೋಡು, ನಿನ್ನದು ನೋಡು" ಎಂದಾಗ ನಾವು ನಮ್ಮ ಮಗುವನ್ನು ನೋಡುತ್ತಿರುವುದಿಲ್ಲ, ವ್ಯತ್ಯಾಸವನ್ನು ನೋಡುತ್ತಿರುತ್ತೇವೆ.

ಮೂಲೆಯ ಮಂಚ

ಈಗ ಆ ಮನೆಗೆ ಮರಳೋಣ. ಕೆಲವು ವಾರಗಳ ನಂತರ, ತಿಂಗಳ ಮೊದಲ ಶುಕ್ರವಾರ, ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋದೆ. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಪ್ರಾರ್ಥನೆ ಮುಗಿಸಿ ಪರಮಪ್ರಸಾದವನ್ನು ಎತ್ತಿ ತೋರಿಸಿದೆ. ಅಜ್ಜಿಯ ಕಣ್ಣು ನನ್ನ ಕೈಯ ಕಡೆಗೆ ಇರಲಿಲ್ಲ; ನನ್ನ ಭುಜದ ಆಚೆಗೆ, ಬಾಗಿಲಿನ ಬೆಳಕಿನ ಕಡೆಗಿತ್ತು. ನಾನು ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದೆ. ಕಣ್ಣು ಕದಲಲಿಲ್ಲ. "ಕ್ರಿಸ್ತರ ಶರೀರ" ಎಂದೆ. ಆಗ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ "ಆಮೆನ್" ಎಂದರು.

ಎಲ್ಲ ಮುಗಿದ ಮೇಲೆ ಕೇಳಿದೆ: "ಅಮ್ಮಾ, ನಿಮಗೆ ಕಣ್ಣು ಕಾಣುತ್ತಿಲ್ಲವೇ?"

"ಬೆಳಕು ಕಾಣ್ತೈತ್ರಿ. ಹೊಗಿಯಾಗ ದೀಪ ಇಟ್ಟಂಗ."

"ಮತ್ತೆ ಟಿ.ವಿ.?"

"ಅದೂ ಬೆಳಕ ಅಲ್ರೀ" ಎಂದು ನಕ್ಕರು. "ದೊಡ್ಡ ಬೆಳಕು."

"ಮಗನಿಗೆ ಯಾಕೆ ಹೇಳಲಿಲ್ಲ?"

"ಅಷ್ಟು ಆಸಿಲೆ ತಂದಾನ್ರಿ ಫಾದರ್. ಕಾಣಂಗಿಲ್ಲ ಅಂದ್ರ ನೊಂದ್ಕೋತಾನ."

ಪ್ರಿಯರೇ, ಹೆಚ್ಚುಕಡಿಮೆ ಒಂದು ವರ್ಷದಿಂದ ನಾನು ಆ ತಾಯಿಗೆ ತಿಂಗಳಿಗೊಮ್ಮೆ ಪರಮಪ್ರಸಾದ ಕೊಟ್ಟಿದ್ದೇನೆ. ಒಂದು ಗೇಣು ದೂರದಿಂದ ಅವರ ಮುಖ ನೋಡಿದ್ದೇನೆ. ಹೊಸ ಟಿ.ವಿ.ಯ ಮುಂದೆ ಕುಳಿತು, ಹುಲ್ಲಿನ ಎಸಳು ಎಣಿಸುವಷ್ಟು ಸ್ಪಷ್ಟವಾಗಿದೆ ಎಂದು ಹೊಗಳಿ ಬಂದಿದ್ದೇನೆ. ಆದರೆ ಆ ಎರಡು ಕಣ್ಣುಗಳಲ್ಲಿ ಕಟ್ಟಿದ್ದ ಬಿಳಿ ಪೊರೆ ನನಗೆ ಕಂಡಿರಲಿಲ್ಲ. ಪರದೆ ಎಂಬ ನಮ್ಮ ಮಾತಿಗೆ ಚಿತ್ರ ಮೂಡುವ ಹಲಗೆ ಎಂದೂ ಅರ್ಥ, ಮರೆಮಾಡುವ ಬಟ್ಟೆ ಎಂದೂ ಅರ್ಥ. ಆ ದಿನ ಎರಡೂ ಒಂದೇ ಆಗಿದ್ದವು.

ಏಕೆ ಹೀಗಾಯಿತು ಎಂದು ಆಮೇಲೆ ಬಹಳ ಯೋಚಿಸಿದೆ. ಹಳೆಯ ಟಿ.ವಿ. ಮಂಕಾಗಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು, ಏಕೆಂದರೆ ಅದಕ್ಕಿಂತ ಹೊಸದನ್ನು ಇನ್ನೊಂದು ಮನೆಯಲ್ಲಿ ಕಂಡಿದ್ದರು. ಅಜ್ಜಿಯ ಕಣ್ಣು ಮಂಕಾಗಿದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಪಕ್ಕದಲ್ಲಿಟ್ಟು ನೋಡಲು ಅಂಥದೇ ಇನ್ನೊಬ್ಬ ಅಜ್ಜಿ ಇರಲಿಲ್ಲ. ಮನುಷ್ಯರು ಅಂಗಡಿಯ ಸಾಲಿನಲ್ಲಿ ಸಿಗುವವರಲ್ಲ. ಪ್ರತಿಯೊಬ್ಬರೂ ಒಬ್ಬರೇ. ಹೋಲಿಸಿದಾಗ ಮಾತ್ರ ಕಾಣಲು ಕಲಿತ ಕಣ್ಣಿಗೆ, ಹೋಲಿಕೆಯೇ ಇಲ್ಲದ ವ್ಯಕ್ತಿ ಕಾಣುವುದೇ ಇಲ್ಲ. ಹೋಲಿಕೆಯಿಲ್ಲದೆ ಒಬ್ಬರನ್ನು ಅವರಿಗಾಗಿಯೇ ನೋಡುವುದಕ್ಕೆ ನಮ್ಮಲ್ಲಿ ಇರುವ ಹೆಸರು ಪ್ರೀತಿ.

ಎರಡು ಸಲ ಮುಟ್ಟಿದ ಕೈ

ಸಂತ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ (8:22-26) ಒಂದು ವಿಶಿಷ್ಟವಾದ ಘಟನೆಯಿದೆ. ಬೆತ್ಸಾಯಿದ ಎಂಬ ಊರಿನಲ್ಲಿ ಕುರುಡನೊಬ್ಬನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಯೇಸು ಅವನ ಕೈಹಿಡಿದು ಊರಾಚೆಗೆ ಕರೆದೊಯ್ದು ಕಣ್ಣು ಮುಟ್ಟಿ, ಏನಾದರೂ ಕಾಣುತ್ತದೆಯೇ ಎಂದು ವಿಚಾರಿಸುತ್ತಾರೆ. ಮನುಷ್ಯರು ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎನ್ನುತ್ತಾನೆ ಅವನು. ಯೇಸು ಮತ್ತೊಮ್ಮೆ ಅವನ ಕಣ್ಣುಗಳ ಮೇಲೆ ಕೈಯಿಡುತ್ತಾರೆ. ಆಗ ಎಲ್ಲವೂ ಸ್ಪಷ್ಟವಾಗುತ್ತದೆ.

ಒಂದೇ ಮಾತಿನಿಂದ ಗುಣಪಡಿಸಬಲ್ಲ ಪ್ರಭು ಇಲ್ಲಿ ಎರಡು ಸಲ ಏಕೆ ಮುಟ್ಟಿದರು? ಪಂಡಿತರು ಹಲವು ವಿವರಣೆ ಕೊಡುತ್ತಾರೆ. ನನಗೆ ಮುಖ್ಯವೆನಿಸುವುದು ನಡುವಿನ ಆ ಪ್ರಶ್ನೆ. ಯೇಸು ಕೇಳಿದರು, ಉತ್ತರಕ್ಕಾಗಿ ಕಾದರು. ಕಾಣುತ್ತಿದೆಯೇ ಎಂದು ಕೇಳದೆ, 'ಗುಣವಾಯಿತು ಹೋಗು' ಎಂದು ಕಳುಹಿಸಲಿಲ್ಲ. ನಾವು ಅಜ್ಜಿಗೆ ಟಿ.ವಿ. ಕೊಟ್ಟೆವು, ಪರಮಪ್ರಸಾದ ಕೊಟ್ಟೆವು. 'ಕಾಣುತ್ತಿದೆಯೇ?' ಎಂದು ಕೇಳುವುದನ್ನು ಮಾತ್ರ ಮರೆತೆವು.

ಲೂಕನ ಶುಭಸಂದೇಶದಲ್ಲಿ ಫರಿಸಾಯ ಸಿಮೋನನ ಮನೆಯ ಊಟದ ಪ್ರಸಂಗವೂ (7:36-50) ಇಂಥದೇ. ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆದ ಹೆಂಗಸನ್ನು ಸಿಮೋನ ಕಣ್ಣಾರೆ ನೋಡುತ್ತಲೇ ಇದ್ದ. ಆದರೂ ಯೇಸು ಅವಳ ಕಡೆಗೆ ತಿರುಗಿ, ಅವಳು ನಿನಗೆ ಕಾಣುತ್ತಿದ್ದಾಳೆಯೇ ಎಂದು ಅವನನ್ನೇ ಕೇಳುತ್ತಾರೆ. ಅವನಿಗೆ ಕಂಡಿದ್ದು ಊರಿನ ಅಪಖ್ಯಾತಿ. ತನಗೂ ಅವಳಿಗೂ ಇದ್ದ ಅಂತರ. ಅವಳು ಕಂಡಿರಲಿಲ್ಲ.

ಹಣದ ಮಾತಲ್ಲ

ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಟಿ.ವಿ. ವಾಪಸ್ ಕೊಟ್ಟುಬಿಡ್ಲೇನ್ರಿ ಫಾದರ್?" ಎಂದರು. ಬೇಡ ಎಂದೆ. ಇಲ್ಲಿ ನಾವು ಎಚ್ಚರವಾಗಿರಬೇಕು. 'ಟಿ.ವಿ.ಗೆ ಸುರಿದ ಹಣವನ್ನು ತಾಯಿಯ ಕಣ್ಣಿಗೆ ಖರ್ಚು ಮಾಡಬಾರದಿತ್ತೇ?' ಎಂದು ಗದರಿಸುವುದು ಸುಲಭ. ಆದರೆ ಆ ಕುಟುಂಬದಲ್ಲಿ ಕೊರತೆಯಾದದ್ದು ಹಣವಲ್ಲ. ಕಣ್ಣಿನ ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ವಯಸ್ಸಿನೊಂದಿಗೆ ಹಾಲಿನಂತೆ ಬೆಳ್ಳಗಾಗುವುದು. ಅದನ್ನು ತೆಗೆದು ಕೃತಕ ಮಸೂರ ಕೂರಿಸುವುದು ಇಂದು ಸಾಮಾನ್ಯ ಶಸ್ತ್ರಚಿಕಿತ್ಸೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಮಾಡುತ್ತಾರೆ. ಕೊರತೆಯಾದದ್ದು ಒಂದು ನೋಟ, ಒಂದು ಪ್ರಶ್ನೆ. ಅದಕ್ಕೆ ಕಂತೂ ಇಲ್ಲ, ಜಿ.ಎಸ್.ಟಿ.ಯೂ ಇಲ್ಲ. ಹಾಗಿದ್ದೂ ಮನೆಯಲ್ಲಿ ಎಲ್ಲಕ್ಕಿಂತ ಕೊನೆಗೆ ನೆನಪಾಗುವುದು ಅದೇ.

ಅಜ್ಜಿಯ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಮೇಲೆ ಮೊಮ್ಮಕ್ಕಳು ಉತ್ಸಾಹದಿಂದ ಟಿ.ವಿ. ಹಾಕಿ, "ಅಜ್ಜಿ, ನೋಡು ನೋಡು" ಎಂದರಂತೆ. ಅಜ್ಜಿ ಟಿ.ವಿ.ಯ ಕಡೆಗೆ ನೋಡಲಿಲ್ಲ. ಎದುರಿಗೆ ಕುಳಿತಿದ್ದ ಮಗನ ಮುಖವನ್ನೇ ಬಹಳ ಹೊತ್ತು ನೋಡಿದರು. "ನಿನ್ನ ಗಡ್ಡ ಬೆಳ್ಳಗಾಗೇತಲ್ಲೋ. ಯಾವಾಗ ಆತಪ್ಪಾ ಇದು?" ಎಂದರು. ಇದನ್ನು ನನಗೆ ಹೇಳುವಾಗ ಮೇಸ್ತ್ರಿಯ ಧ್ವನಿ ನಡುಗುತ್ತಿತ್ತು. "ಎಷ್ಟು ವರ್ಷದಿಂದ ನನ್ನ ಮುಖ ಕಂಡಿರಲಿಲ್ಲೋ ಏನೋ ಫಾದರ್. ನಾನೂ ಆಕಿ ಮುಖ ನೋಡಿರಲಿಲ್ಲ."

ಟಿ.ವಿ. ಇಂದಿಗೂ ಆ ಗೋಡೆಯ ಮೇಲಿದೆ. ಭಾನುವಾರ ಅಜ್ಜಿ ಅದರಲ್ಲಿ ಪೂಜೆ ನೋಡುತ್ತಾರೆ. ಈಗ ಅದು ನಿಜವಾಗಿ 'ಅವ್ವಗಂತ ತಂದದ್ದು'.

ನಮ್ಮ ಮನೆಗಳಿಗೆ

ಆದುದರಿಂದ ಪ್ರಿಯ ವಾಚಕರೇ, ಹೊಸ ಟಿ.ವಿ. ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಕೊಳ್ಳುವ ಮುನ್ನ ಗಂಡ-ಹೆಂಡತಿ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತೇನೆ. ನಮಗೆ ಬೇಕಾಗಿರುವುದು ಚಿತ್ರವೋ, ಇನ್ನೊಂದು ಮನೆಯೊಡನೆ ಇರುವ ವ್ಯತ್ಯಾಸವನ್ನು ತುಂಬುವುದೋ? ಈ ಕಂತು ಮುಗಿಯುವವರೆಗೆ ಮನೆಯಲ್ಲಿ ಯಾರ ಔಷಧಿ, ಯಾರ ಶಾಲೆಯ ಶುಲ್ಕ ಮುಂದಕ್ಕೆ ಹೋಗುತ್ತದೆ? ಮತ್ತು, ಇದನ್ನು ಯಾರ ಹೆಸರು ಹೇಳಿ ತರುತ್ತಿದ್ದೇವೋ ಅವರನ್ನು ಒಂದು ಮಾತು ಕೇಳಿದ್ದೇವೆಯೇ? ಉತ್ತರ ನೇರವಾಗಿದ್ದರೆ ಸಂತೋಷದಿಂದ ತನ್ನಿ. ಅಂಗಡಿಯಲ್ಲಿ ಏರಿಸಿಟ್ಟ ಬೆಳಕನ್ನು ಮನೆಗೆ ತಕ್ಕಷ್ಟು ಇಳಿಸಿ, ಕಿಟಕಿಯ ಬಿಸಿಲು ಬೀಳದ ಗೋಡೆಗೆ ಹಾಕಿ, ಕೂಡಿ ಕುಳಿತು ನೋಡಿ.

ಹಳೆಯದನ್ನು ದನದ ಕೊಟ್ಟಿಗೆಗೆ ತಳ್ಳಬೇಡಿ. ಅದು ಇನ್ನೂ ನಡೆಯುತ್ತಿದ್ದರೆ ಟಿ.ವಿ. ಇಲ್ಲದ ಮನೆಗೆ ಕೊಡಿ. ಕೆಟ್ಟಿದ್ದರೆ, ವಿಶೇಷವಾಗಿ ಗಾಜಿನ ಕೊಳವೆಯ ಹಳೆಯ ಟಿ.ವಿ.ಯಾಗಿದ್ದರೆ, ತಾಮ್ರದ ಆಸೆಗೆ ಒಡೆಯಬೇಡಿ. ಆ ಗಾಜಿನಲ್ಲಿ ಸೀಸವಿರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥವನ್ನು ಅಧಿಕೃತವಾಗಿ ವಿಲೇವಾರಿ ಮಾಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದರ ಬಗ್ಗೆ ವಿಚಾರಿಸಿ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಈ ವಾರ ಯಾವುದಾದರೂ ಒಂದು ಸಂಜೆ, ಜಪಸರ ಪ್ರಾರ್ಥನೆಗೆ ಕುಳಿತಾಗ, ಆರಂಭಿಸುವ ಮುನ್ನ ಟಿ.ವಿ. ಆರಿಸಿ, ಮನೆಯವರ ಮುಖಗಳನ್ನು ಒಂದೊಂದಾಗಿ ನೋಡಿ. ಹೋಲಿಸಬೇಡಿ, ಸುಮ್ಮನೆ ನೋಡಿ. ವಯಸ್ಸಾದವರಿದ್ದರೆ ಪಕ್ಕದಲ್ಲಿ ಕುಳಿತು, ನನ್ನ ಮುಖ ಚೆನ್ನಾಗಿ ಕಾಣುತ್ತಿದೆಯೇ ಎಂದು ಕೇಳಿ. ನಾವು ಈಗ ಕನ್ನಡಿಯಲ್ಲಿ ಮಬ್ಬಾಗಿ ಕಾಣುತ್ತಿದ್ದೇವೆ, ಒಂದು ದಿನ ಮುಖಾಮುಖಿಯಾಗಿ ಕಾಣುವೆವು ಎಂಬ ಭರವಸೆಯನ್ನು ಪ್ರೇಷಿತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಕೊಡುತ್ತಾನೆ. ಆ ದಿನದ ನೋಟಕ್ಕೆ ನಮ್ಮ ಕಣ್ಣು ಪಳಗಬೇಕಾದದ್ದು ಇಲ್ಲಿಯೇ, ನಮ್ಮ ಪಡಸಾಲೆಯಲ್ಲಿಯೇ.

ಬೆತ್ಸಾಯಿದದ ಕುರುಡನನ್ನು ಎರಡು ಸಲ ಮುಟ್ಟಿದ ಪ್ರಭುವೇ, ಒಂದೇ ಸಲಕ್ಕೆ ಕಾಣದ ನಮ್ಮನ್ನೂ ಮತ್ತೊಮ್ಮೆ ಮುಟ್ಟಿರಿ.